ಅಮೇರಿಕಾದಲ್ಲಿ ಡಿಗ್ರಿ ಓದೋಕೆ ದುಡ್ಡು ಎಲ್ಲಿ ಸಿಗುತ್ತೆ? 50% ಸ್ಕಾಲರ್‌ಶಿಪ್ ನಂಬಬಹುದಾ?

ಪ್ರಶ್ನೆ: ನಮ್ದು ತೀರ್ಥಹಳ್ಳಿ ಕಡೆ, ನಾನು ಅನುದಾನಿತ ಹೈಸ್ಕೂಲಲ್ಲಿ ಮೇಷ್ಟ್ರು. ಸಂಬಳ, ಮೂರು ಎಕರೆ ಅಡಿಕೆ ತೋಟ ಎಲ್ಲ ಸೇರಿ ವರ್ಷಕ್ಕೆ 12 ಲಕ್ಷ ಬರಬಹುದು. ಮಗಳು ಫಸ್ಟ್ ಪಿಯು ಸೈನ್ಸ್ ಮುಗಿಸಿದಾಳೆ, ಚೆನ್ನಾಗಿ ಓದ್ತಾಳೆ, ಅಮೇರಿಕಾದಲ್ಲೇ ಡಿಗ್ರಿ ಮಾಡ್ಬೇಕು ಅಂತಾಳೆ. ಶಿವಮೊಗ್ಗದಲ್ಲಿ ಒಂದು ಕನ್ಸಲ್ಟೆನ್ಸಿಯವರು 50% ಸ್ಕಾಲರ್‌ಶಿಪ್ ಗ್ಯಾರಂಟಿ, ಉಳಿದಿದ್ದಕ್ಕೆ ಲೋನ್ ಮಾಡಿಸ್ತೀವಿ ಅಂತ 75 ಸಾವಿರ ಫೀಸ್ ಕೇಳ್ತಿದಾರೆ. ತೋಟ ಅಡ ಇಟ್ಟು ಕಳಿಸಬಹುದಾ? ಇಲ್ಲಾ ಇಲ್ಲೇ ಡಿಗ್ರಿ ಮುಗಿಸಿ ಆಮೇಲೆ ಕಳಿಸೋದು ಒಳ್ಳೇದಾ? ಸ್ಕಾಲರ್‌ಶಿಪ್ ನಿಜವಾಗ್ಲೂ ಎಲ್ಲಿ ಹುಡುಕ್ಬೇಕು?

ಉತ್ತರ:

ಮೇಷ್ಟ್ರೇ, ಮೊದ್ಲು ಆ 50% ವಿಚಾರ ಮುಗಿಸ್ಬಿಡೋಣ. ಅವ್ರನ್ನ ಒಂದೇ ಒಂದು ಪ್ರಶ್ನೆ ಕೇಳಿ, ಯಾವುದರ 50%? ಹೆಚ್ಚಿನ ಕಡೆ ಅದು ಟ್ಯೂಷನ್ ಫೀಸಿನ 50%, ಒಟ್ಟು ಖರ್ಚಿನದ್ದಲ್ಲ. ಲೆಕ್ಕ ಹಾಕೋಣ, ಡಾಲರ್‌ಗೆ 90 ರೂಪಾಯಿ ಅಂತ ಹಿಡ್ಕೊಳ್ಳಿ. ಒಂದು ಪ್ರೈವೇಟ್ ಕಾಲೇಜು, ಟ್ಯೂಷನ್ 60 ಸಾವಿರ ಡಾಲರ್, ಹಾಸ್ಟೆಲ್ಲು ಊಟ ಹೆಲ್ತ್ ಇನ್ಶೂರೆನ್ಸ್ ಪುಸ್ತಕ ಎಲ್ಲ ಸೇರಿ ಇನ್ನೊಂದು 22 ಸಾವಿರ, ಒಟ್ಟು 82 ಸಾವಿರ. 50% ಸ್ಕಾಲರ್‌ಶಿಪ್ ಅಂದ್ರೆ 30 ಸಾವಿರ ಕಡಿಮೆ ಆಯ್ತು, ಉಳಿದಿದ್ದು 52 ಸಾವಿರ ಡಾಲರ್, ಅಂದ್ರೆ ವರ್ಷಕ್ಕೆ ಸುಮಾರು 47 ಲಕ್ಷ, ನಾಲ್ಕು ವರ್ಷಕ್ಕೆ 1 ಕೋಟಿ 87 ಲಕ್ಷ. ಇಷ್ಟಕ್ಕೇ ಮುಗಿಯಲ್ಲ, ಫೀಸ್ ವರ್ಷಾ ವರ್ಷ ಏರುತ್ತೆ, ಸ್ಕಾಲರ್‌ಶಿಪ್ ಮೊತ್ತ ಮಾತ್ರ ಸಾಮಾನ್ಯವಾಗಿ ಮೊದಲ್ನೇ ವರ್ಷ ಬರೆದಿದ್ದಷ್ಟೇ ಇರುತ್ತೆ, ಜೊತೆಗೆ ಇಷ್ಟು ಜಿಪಿಎ (ಸರಾಸರಿ ಗ್ರೇಡ್) ಉಳಿಸ್ಕೋಬೇಕು ಅನ್ನೋ ಕಂಡೀಷನ್ ಬೇರೆ. ಅದೇ ಒಟ್ಟು ಖರ್ಚು 38 ಸಾವಿರ ಇರೋ ಒಂದು ಸರ್ಕಾರಿ ಯೂನಿವರ್ಸಿಟಿಲಿ ಒಂದು ಪೈಸೆ ಸ್ಕಾಲರ್‌ಶಿಪ್ ಸಿಗದಿದ್ರೂ ವರ್ಷಕ್ಕೆ 34 ಲಕ್ಷದಲ್ಲಿ ಮುಗಿಯುತ್ತೆ. ಆಷಾಢ ಸೇಲಲ್ಲಿ ರೇಟು ಏರಿಸಿ ಅರ್ಧ ಬೆಲೆ ಬೋರ್ಡು ಹಾಕ್ತಾರಲ್ಲ, ಎಷ್ಟೋ ಪ್ರೈವೇಟ್ ಕಾಲೇಜುಗಳ ಮೆರಿಟ್ ಸ್ಕಾಲರ್‌ಶಿಪ್ ಕಥೆನೂ ಅಷ್ಟೇ. ಅದಕ್ಕೇ ಎಷ್ಟು ಪರ್ಸೆಂಟ್ ಬಿಟ್ರು ಅಂತ ನೋಡೋದೇ ಬೇಡ, ನಮ್ಮ ಜೇಬಿಂದ ವರ್ಷಕ್ಕೆ ಎಷ್ಟು ಹೋಗುತ್ತೆ ಅನ್ನೋ ಒಂದೇ ನಂಬರ್ ನೋಡಿ, ಪ್ರತಿ ಕಾಲೇಜಿಗೂ ಆ ಒಂದು ಸಾಲು ಬರೆದಿಟ್ಕೊಳ್ಳಿ.

ಇನ್ನೊಂದು, ಯೂಟ್ಯೂಬಲ್ಲಿ ಫಾಫ್ಸಾ, ಪೆಲ್ ಗ್ರಾಂಟ್ ಅಂತೆಲ್ಲ ಕೇಳಿರ್ತೀರ, ಅದನ್ನ ಮರೆತುಬಿಡಿ. ಅದು ಅಮೇರಿಕಾ ಸರ್ಕಾರದ ದುಡ್ಡು, ಅಲ್ಲಿನ ನಾಗರಿಕರಿಗೆ ಮತ್ತೆ ಗ್ರೀನ್ ಕಾರ್ಡ್ ತರದ ಕೆಲವೇ ವರ್ಗದವರಿಗೆ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಹೋಗೋರಿಗೆ ಸಿಗಲ್ಲ. ನಿಮ್ಮ ಮಗಳಿಗೆ ದೊಡ್ಡ ಮೊತ್ತ ಅಂತ ಏನಾದ್ರೂ ಬಂದ್ರೆ ಅದು ಕಾಲೇಜಿನ ಸ್ವಂತ ದುಡ್ಡಿಂದಾನೇ ಬರ್ಬೇಕು. ಹಾಗಾಗಿ ಸ್ಕಾಲರ್‌ಶಿಪ್ ವೆಬ್‌ಸೈಟ್‌ಗಳಲ್ಲಿ ಐನೂರು ಡಾಲರ್ ಸಾವಿರ ಡಾಲರ್ ಪ್ರಬಂಧ ಸ್ಪರ್ಧೆ ಹುಡುಕ್ತಾ ಕೂತ್ರೆ ಟೈಮ್ ವೇಸ್ಟು, ಯಾವ ಕಾಲೇಜು ಹೊರದೇಶದ ಮಕ್ಕಳಿಗೆ ಸ್ವಂತ ದುಡ್ಡು ಕೊಡುತ್ತೆ ಅಂತ ಹುಡುಕೋದೇ ನಿಮ್ಮ ಅಸಲಿ ಕೆಲಸ.

ನಿಮ್ಮ ಆದಾಯಕ್ಕೆ ಉಪಯೋಗಕ್ಕೆ ಬರೋದು ಮೆರಿಟ್ ಅಲ್ಲ, ನೀಡ್ ಬೇಸ್ಡ್ ಏಡ್. ಅಂದ್ರೆ ಒಟ್ಟು ಖರ್ಚಲ್ಲಿ ನಿಮ್ಮ ಮನೆ ಕೈಲಿ ಎಷ್ಟಾಗುತ್ತೆ ಅಂತ ಕಾಲೇಜೇ ಲೆಕ್ಕ ಹಾಕಿ ಉಳಿದಿದ್ದನ್ನ ಅವ್ರು ಹಾಕ್ಕೊಳ್ಳೋದು. ಇದ್ರಲ್ಲಿ ಎರಡು ಗುಂಪಿದೆ. ಮೊದಲ್ನೇದು ನೀಡ್ ಬ್ಲೈಂಡ್, ಅಡ್ಮಿಷನ್ ಕೊಡುವಾಗ ನೀವು ದುಡ್ಡು ಕೇಳಿದೀರ ಇಲ್ವಾ ಅಂತ ನೋಡೋದೇ ಇಲ್ಲ. ಅಮೇರಿಕಾದ ಮಕ್ಕಳಿಗೆ ಹಿಂಗೆ ಮಾಡೋ ಕಾಲೇಜು ಬಹಳ ಇವೆ, ಆದ್ರೆ ಹೊರದೇಶದವರಿಗೂ ಮಾಡೋದು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಹಳಬರು, 2022ರಲ್ಲಿ ಡಾರ್ಟ್‌ಮತ್ ಮತ್ತೆ ಬೋಡನ್ ಸೇರ್ಕೊಂಡ್ವು, ಆಮೇಲೆ ಬ್ರೌನ್, ನೋಟರ್ ಡೇಮ್. ಇಲ್ಲಿ ಸೀಟು ಸಿಕ್ಕಿದ್ರೆ ನಿಮ್ಮಂಥ ಮನೆಗೆ ಬಹುತೇಕ ಎಲ್ಲಾನೂ ಅವ್ರೇ ಕೊಡ್ತಾರೆ. ಯಾಕಂದ್ರೆ ನಿಮ್ಮ 12 ಲಕ್ಷ ಅವ್ರ ಕಣ್ಣಲ್ಲಿ 13 ಸಾವಿರ ಡಾಲರ್ ಚಿಲ್ಲರೆ, ಹಾರ್ವರ್ಡು ಎಂಐಟಿ ಎರಡೂ 2025ರಿಂದ ಒಂದು ಲಕ್ಷ ಡಾಲರ್ ಒಳಗೆ ಆದಾಯ ಇರೋ ಸಾಮಾನ್ಯ ಆಸ್ತಿಯ ಮನೆಯವ್ರಿಂದ ಏನೂ ತಗೊಳ್ಳಲ್ಲ ಅಂತ ಹೇಳಿವೆ. ಆದ್ರೆ ಸೀಟು ಸಿಗೋದು? ಎಂಐಟಿಲಿ ಹೊರದೇಶದಿಂದ ಅರ್ಜಿ ಹಾಕೋ ನೂರು ಮಕ್ಕಳಲ್ಲಿ ಇಬ್ಬರಿಗೆ ಸಿಕ್ಕಿದ್ರೆ ಹೆಚ್ಚು. ಹಾಕ್ಲಿ, ಬೇಡ ಅನ್ನಲ್ಲ, ಆದ್ರೆ ಅದರ ಮೇಲೇ ಪ್ಲಾನ್ ಮಾಡ್ಬೇಡಿ.

ಎರಡನೇ ಗುಂಪು ನೀಡ್ ಅವೇರ್. ನೀವು ದುಡ್ಡು ಕೇಳಿದ್ರೆ ಅಡ್ಮಿಷನ್ ಸ್ವಲ್ಪ ಕಷ್ಟ ಆಗುತ್ತೆ, ಆದ್ರೆ ಸೀಟು ಕೊಟ್ರೆ ಬೇಕಾದಷ್ಟು ಪೂರ್ತಿ ಕೊಡ್ತಾರೆ. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಪೆನ್ ತರದ ದೊಡ್ಡ ಹೆಸರುಗಳು ಇಲ್ಲಿವೆ. ಆದ್ರೆ ನಾನು ನಿಮಗೆ ತೋರಿಸ್ಬೇಕು ಅಂತಿರೋದು ಲಿಬರಲ್ ಆರ್ಟ್ಸ್ ಕಾಲೇಜುಗಳನ್ನ, ವಿಲಿಯಮ್ಸ್, ಸ್ವಾರ್ತ್‌ಮೋರ್, ಪೊಮೋನಾ, ಗ್ರಿನೆಲ್, ಮೆಕಾಲೆಸ್ಟರ್, ವಾಸರ್ ಈ ತರದವು. ಆರ್ಟ್ಸ್ ಅಂತ ಹೆಸರು ನೋಡಿ ಬಿಎ ಅಂದ್ಕೋಬೇಡಿ, ಫಿಸಿಕ್ಸು ಬಯಾಲಜಿ ಕಂಪ್ಯೂಟರ್ ಸೈನ್ಸು ಎಲ್ಲಾ ಇರುತ್ತೆ. ಒಂದೂವರೆ ಎರಡು ಸಾವಿರ ಮಕ್ಕಳು, ಎಂಡೋಮೆಂಟ್, ಅಂದ್ರೆ ಕಾಲೇಜಿನ ಇಡುಗಂಟು, ಹೆಚ್ಚಿನ ಕಡೆ ಬಿಲಿಯನ್ ಡಾಲರ್ ಲೆಕ್ಕದಲ್ಲಿ. ಊರಲ್ಲಿ ಯಾರೂ ಹೆಸ್ರು ಕೇಳಿರಲ್ಲ, ಮದುವೆ ಮನೇಲಿ ಹೇಳಿದ್ರೆ "ಅದ್ಯಾವ್ದು?" ಅಂತಾರೆ, ಅದೊಂದನ್ನ ತಡ್ಕೊಳ್ಳೋ ಶಕ್ತಿ ಇದ್ರೆ ಸಾಕು.

ಕಾಲೇಜು ಹೇಳೋ ಮಾತು ಎಷ್ಟು ನಿಜ ಅಂತ ಪರೀಕ್ಷೆ ಮಾಡೋಕೆ ಒಂದು ದಾರಿ ಇದೆ, ಕನ್ಸಲ್ಟೆನ್ಸಿಯವ್ರು ಇದನ್ನ ಹೇಳಲ್ಲ. ಬಹುತೇಕ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಅಂತ ಒಂದು ಡಾಕ್ಯುಮೆಂಟ್ ಹೊರಗೆ ಹಾಕ್ತಾವೆ. ಕಾಲೇಜ್ ಹೆಸರಿನ ಜೊತೆ ಆ ಮೂರು ಪದ ಟೈಪ್ ಮಾಡಿ ಗೂಗಲ್ ಮಾಡಿ, ಪಿಡಿಎಫ್ ಸಿಗುತ್ತೆ. ಅದ್ರಲ್ಲಿ ಎಚ್6 ಅನ್ನೋ ಭಾಗಕ್ಕೆ ಹೋಗಿ, ಹೊರದೇಶದ ಎಷ್ಟು ಮಕ್ಕಳಿಗೆ ಏಡ್ ಕೊಟ್ರು, ಸರಾಸರಿ ಎಷ್ಟು ಡಾಲರ್ ಅಂತ ಇರುತ್ತೆ. ಬಿ ಭಾಗದಲ್ಲಿ ಹೊರದೇಶದ ಒಟ್ಟು ಮಕ್ಕಳು ಎಷ್ಟು ಅಂತ ಇರುತ್ತೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. 200 ಜನರಲ್ಲಿ 150 ಜನಕ್ಕೆ ಸರಾಸರಿ 65 ಸಾವಿರ ಅಂತಿದ್ರೆ ಲಿಸ್ಟಿಗೆ ಹಾಕಿ, 2000 ಜನರಲ್ಲಿ 90 ಜನಕ್ಕೆ 12 ಸಾವಿರ ಅಂತಿದ್ರೆ ಆ ಕಾಲೇಜು ಹೊರದೇಶದ ಮಕ್ಕಳಿಂದ ದುಡ್ಡು ತಗೊಳ್ಳೋಕೆ ಕೂತಿದೆ ಅಂತ ಅರ್ಥ, ಬ್ರೋಷರಲ್ಲಿ ಏನೇ ಬರೆದಿರ್ಲಿ. ಮಗಳಿಗೆ ಈ ಕೆಲಸ ಒಪ್ಪಿಸಿ, ಒಂದು ಎಕ್ಸೆಲ್ ಶೀಟ್ ಮಾಡ್ಲಿ.

ಈಗ ಮುಖ್ಯವಾದ ಮಾತು, ದಯವಿಟ್ಟು ಇದನ್ನ ಎರಡು ಸಲ ಓದಿ. ಅರ್ಜಿಲಿ "ಫೈನಾನ್ಷಿಯಲ್ ಏಡ್ ಬೇಕಾ" ಅಂತ ಒಂದು ಪ್ರಶ್ನೆ ಇರುತ್ತೆ, ಬೇಡ ಅಂತ ಹಾಕಿದ್ರೆ ಸೀಟು ಬೇಗ ಸಿಗುತ್ತೆ, ಹೋದ್ಮೇಲೆ ಕೇಳ್ಕೋಬಹುದು ಅಂತ ಹೇಳ್ಕೊಡೋ ಜನ ಇದಾರೆ. ನೀಡ್ ಅವೇರ್ ಕಾಲೇಜುಗಳಲ್ಲಿ ಬಹಳಷ್ಟು ಕಡೆ, ಅರ್ಜಿ ಹಾಕುವಾಗ ಕೇಳದೇ ಇದ್ದ ಹೊರದೇಶದ ವಿದ್ಯಾರ್ಥಿಗೆ ಮುಂದೆ ನಾಲ್ಕೂ ವರ್ಷ ಕೇಳೋ ಹಕ್ಕೇ ಇರಲ್ಲ. ಮೊದಲ್ನೇ ವರ್ಷ ಹೆಂಗೋ ಕಟ್ಟಿ ಎರಡನೇ ವರ್ಷ ಕೈ ಚೆಲ್ಲಿ ಕೂತ ಮನೆಗಳನ್ನ ನೋಡಿದೀನಿ, ವಾಪಸ್ ಬಂದ್ರೆ ಡಿಗ್ರಿನೂ ಇಲ್ಲ ದುಡ್ಡೂ ಇಲ್ಲ. ಬೇಕು ಅಂತಾನೇ ಹಾಕಿ.

ದುಡ್ಡು ಕೇಳೋ ಫಾರಂ ಹೆಚ್ಚಿನ ಕಡೆ ಸಿಎಸ್ಎಸ್ ಪ್ರೊಫೈಲ್, ಎಸ್ಎಟಿ ಅನ್ನೋ ಪ್ರವೇಶ ಪರೀಕ್ಷೆ ನಡೆಸೋ ಕಾಲೇಜ್ ಬೋರ್ಡಿನವ್ರದ್ದೇ. ಪ್ರತಿ ವರ್ಷ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತೆ. ಮೊದಲ್ನೇ ಕಾಲೇಜಿಗೆ 25 ಡಾಲರ್, ಆಮೇಲೆ ಪ್ರತಿಯೊಂದಕ್ಕೂ 16. ಹತ್ತು ಕಾಲೇಜಿಗೆ ಇದೇ 15 ಸಾವಿರ ರೂಪಾಯಿ ದಾಟುತ್ತೆ, ಅದಕ್ಕೇ ಕಾಲೇಜಿನ ಏಡ್ ಆಫೀಸಿಗೆ ಮೇಲ್ ಹಾಕಿ ಫೀ ವೇವರ್ ಕೋಡ್ ಕೇಳಿ, ಕೆಲವ್ರು ಕೊಡ್ತಾರೆ, ಕೆಲವ್ರು ಐಎಸ್ಎಫ್ಎಎ ಅನ್ನೋ ಬೇರೆ ಫಾರಂ ಫ್ರೀಯಾಗಿ ತುಂಬಿ ಅಂತಾರೆ. ಮೊತ್ತ ಎಲ್ಲ ರೂಪಾಯಿಲೇ ತುಂಬಿ, ನೀವೇ ಡಾಲರ್ ಮಾಡೋಕೆ ಹೋಗಿ ಸೊನ್ನೆ ಹೆಚ್ಚು ಕಮ್ಮಿ ಆದ್ರೆ ಕಥೆ ಕೆಡುತ್ತೆ.

ನಿಮ್ಮ ಕೇಸಲ್ಲಿ ಕಷ್ಟ ಬರೋದು ತೋಟದ ವಿಚಾರಕ್ಕೆ. ಸಂಬಳ ಸುಲಭ, ಫಾರಂ 16, ಐಟಿ ರಿಟರ್ನ್, ಸ್ಯಾಲರಿ ಸ್ಲಿಪ್ ಇದ್ರೆ ಆಯ್ತು. ಆದ್ರೆ ಕೃಷಿ ಆದಾಯಕ್ಕೆ ನಮ್ಮಲ್ಲಿ ಟ್ಯಾಕ್ಸ್ ಇಲ್ಲ ಅನ್ನೋದು ಅಲ್ಲಿ ಕೂತಿರೋ ಆಫೀಸರಿಗೆ ಗೊತ್ತಿರಲೇಬೇಕು ಅಂತೇನಿಲ್ಲ, ಮೂರು ಎಕರೆ ಜಮೀನು ಅಂತ ನೋಡಿ ಅವ್ರು ದೊಡ್ಡ ಆಸ್ತಿ ಅಂದ್ಕೋಬಹುದು. ಅದಕ್ಕೆ ಒಂದು ಪುಟದ ಪತ್ರ ಬರೀರಿ ಇಂಗ್ಲಿಷಲ್ಲಿ, ಸರಳವಾಗಿ. ಪಹಣಿ ಯಾರ ಹೆಸ್ರಲ್ಲಿದೆ, ಅಣ್ಣ ತಮ್ಮಂದಿರ ಪಾಲು ಆಗಿದೆಯಾ ಇಲ್ವಾ, ವರ್ಷಕ್ಕೆ ಎಷ್ಟು ಕ್ವಿಂಟಾಲ್ ಬರುತ್ತೆ, ಕೊಳೆ ಅಥವಾ ಎಲೆಚುಕ್ಕಿ ರೋಗ ಬಂದು ಯಾವ ವರ್ಷ ಎಷ್ಟು ಕಮ್ಮಿ ಆಯ್ತು, ಕೂಲಿ ಗೊಬ್ಬರ ಔಷಧಿ ಖರ್ಚು ಕಳೆದು ಕೈಗೆ ಎಷ್ಟು ಉಳೀತು, ಎಲ್ಲ ಬರೀರಿ. ಜೊತೆಗೆ ಅಡಿಕೆ ಸೊಸೈಟಿ ಮಾಮ್ಕೋಸಲ್ಲೋ ಮಂಡೀಲೋ ಅಡಿಕೆ ಹಾಕಿದ ರಸೀದಿ, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಕನ್ನಡದಲ್ಲಿರೋದಕ್ಕೆ ಇಂಗ್ಲಿಷ್ ಅನುವಾದ. ಅಜ್ಜನ ಹೆಸ್ರಲ್ಲಿರೋ ಜಮೀನನ್ನ ನಿಮ್ದು ಅಂತ ಹಾಕ್ಬೇಡಿ, ಅದೇ ತರ ನಿಮ್ಮ ಹೆಸ್ರಲ್ಲಿರೋ ಸೈಟನ್ನ ಬಚ್ಚಿಡ್ಲೂ ಬೇಡಿ. ಆದಾಯ ಪ್ರಮಾಣಪತ್ರದಲ್ಲಿ ಎರಡು ಲಕ್ಷ, ಫಾರಂ 16ರಲ್ಲಿ ಒಂಬತ್ತು ಲಕ್ಷ ಅಂತಿದ್ರೆ ಅವ್ರಿಗೆ ಕಾಣುತ್ತೆ, ಅಲ್ಲಿಗೆ ಅರ್ಜಿ ಮುಗೀತು. ನಮ್ಮ ಕಡೆ ಸರ್ಟಿಫಿಕೇಟಲ್ಲಿ ಆದಾಯ ಕಮ್ಮಿ ಬರೆಸೋದು ಒಂದು ಅಭ್ಯಾಸ ಆಗೋಗಿದೆ, ಇಲ್ಲಿ ಅದೇ ಉರುಳು.

ಪಿಯು ಕಾಲೇಜಿನ ಕಡೆಯಿಂದ ಆಗ್ಬೇಕಾದ ಕೆಲಸಾನೂ ಈಗಿಂದ್ಲೇ ಶುರು ಮಾಡಿ. ಒಂಬತ್ತನೇ ಕ್ಲಾಸಿಂದ ಮಾರ್ಕ್ಸ್ ಕೇಳ್ತಾರೆ, ಇಬ್ಬರು ಲೆಕ್ಚರರ್ ಮತ್ತೆ ಪ್ರಿನ್ಸಿಪಾಲ್, ಬಹಳ ಕಾಲೇಜಿಗೆ ಒಂದೇ ಕಡೆ ಅರ್ಜಿ ಹಾಕೋ ವೆಬ್‌ಸೈಟ್ ಕಾಮನ್ ಆ್ಯಪಲ್ಲಿ ತಮ್ಮ ಸ್ವಂತ ಇಮೇಲಿಂದ ಲಾಗಿನ್ ಆಗಿ ಶಿಫಾರಸು ಪತ್ರ ಹಾಕ್ಬೇಕು. ಮಗಳೇ ಬರೆದು ಅವ್ರ ಹತ್ರ ಸೈನ್ ಹಾಕಿಸೋ ಪದ್ಧತಿ ಬೇಡ, ಹುಡುಗಿ ಲ್ಯಾಬಲ್ಲಿ ಏನು ಮಾಡಿದ್ಲು, ಏನು ಪ್ರಶ್ನೆ ಕೇಳಿದ್ಲು ಅಂತ ನಾಲ್ಕು ಸಾಲು ಅವ್ರೇ ಬರೆದ್ರೆ ಸಾಕು, ಇಂಗ್ಲಿಷು ಸಾಧಾರಣ ಇದ್ರೂ ಪರವಾಗಿಲ್ಲ. ಅರ್ಲಿ ಅರ್ಜಿಗೆ ನವೆಂಬರ್ 1ರ ಆಸುಪಾಸು, ರೆಗ್ಯುಲರ್‌ಗೆ ಜನವರಿ ಮೊದಲ ವಾರದ ಆಸುಪಾಸು ಡೆಡ್‌ಲೈನ್, ಏಡ್ ಫಾರಂಗೂ ಹೆಚ್ಚು ಕಮ್ಮಿ ಆಗಲೇ. ಎಂಐಟಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಇವೆಲ್ಲ ಎಸ್ಎಟಿ ತರದ ಪರೀಕ್ಷೆ ಮತ್ತೆ ಕಡ್ಡಾಯ ಮಾಡಿವೆ, ಸೆಪ್ಟೆಂಬರ್ ಒಳಗೆ ಎಸ್ಎಟಿ ಒಂದ್ಸಲ ಬರೆದಿರ್ಲಿ.

ಇದಲ್ಲದೆ ಬಿಡಿ ಬಿಡಿಯಾಗಿ ಕೆಲವು ಇವೆ. ಕಾರ್ನೆಲ್‌ನಲ್ಲಿ ಟಾಟಾ ಸ್ಕಾಲರ್‌ಶಿಪ್ ಇದೆ, 2008ರಲ್ಲಿ ಟಾಟಾ ಟ್ರಸ್ಟ್ ಕೊಟ್ಟ 25 ಮಿಲಿಯನ್ ಡಾಲರ್ ಇಡುಗಂಟಿಂದ, ಭಾರತದಿಂದ ಡಿಗ್ರಿಗೆ ಹೋಗೋ, ಆರ್ಥಿಕ ಅಗತ್ಯ ಇರೋ ಮಕ್ಕಳಿಗೆ ಅಂತಾನೇ ಮೀಸಲು. ಒಂದು ಸಮಯಕ್ಕೆ ಇಪ್ಪತ್ತರ ಆಸುಪಾಸು ಮಕ್ಕಳು ಮಾತ್ರ. ಕೆಂಟಕಿಯ ಬೆರಿಯಾ ಕಾಲೇಜಲ್ಲಿ ಯಾರಿಂದಾನೂ ಟ್ಯೂಷನ್ ತಗೊಳ್ಳಲ್ಲ, ಎಲ್ಲರೂ ಕ್ಯಾಂಪಸಲ್ಲಿ ಕೆಲಸ ಮಾಡ್ಬೇಕು, ಹೊರದೇಶದವರಿಗೆ ಮೊದಲ್ನೇ ವರ್ಷದ ಪೂರ್ತಿ ಖರ್ಚು ಅವ್ರದ್ದೇ, ಆದ್ರೆ ಸೀಟು ಬಹಳ ಕಮ್ಮಿ. ಇನ್ನು ಬೋಸ್ಟನ್ ಯೂನಿವರ್ಸಿಟಿಯ ಟ್ರಸ್ಟೀ ಸ್ಕಾಲರ್‌ಶಿಪ್ ತರದ್ದು ಸಿಕ್ಕಿದ್ರೆ ದೊಡ್ಡ ಗೌರವ, ಪೂರ್ತಿ ಟ್ಯೂಷನ್ ಮಾಫಿ, ಆದ್ರೂ ನಮ್ಮ ಆ ಒಂದು ಸಾಲಿನ ಲೆಕ್ಕ ಹಾಕಿ, ಊಟ ವಸತಿಗೆ ವರ್ಷಕ್ಕೆ ಇಪ್ಪತ್ತು ಲಕ್ಷದ ಹತ್ರ ನಿಮ್ಮ ಜೇಬಿಂದಾನೇ ಹೋಗುತ್ತೆ, ನಿಮ್ಮ ಇಡೀ ವರ್ಷದ ಆದಾಯಕ್ಕಿಂತ ಜಾಸ್ತಿ.

ಅಲ್ಲೇ ಪಾರ್ಟ್ ಟೈಮ್ ಮಾಡಿ ಕಟ್ಕೊಳ್ತಾಳೆ ಅನ್ನೋ ಮಾತು ನಂಬ್ಬೇಡಿ. ಎಫ್-1ನಲ್ಲಿ ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ ಒಳಗೆ ಮಾತ್ರ. ಅದ್ರಿಂದ ಫೋನ್ ಬಿಲ್ಲು, ಬಟ್ಟೆ, ಸ್ವಲ್ಪ ಊಟದ ಖರ್ಚು ಆಗಬಹುದು, ಫೀಸ್ ಆಗಲ್ಲ. ಹೊರಗೆ ಗ್ಯಾಸ್ ಸ್ಟೇಷನಲ್ಲಿ ಕ್ಯಾಶಿಗೆ ಕೆಲಸ ಮಾಡಿ ಸಿಕ್ಕಿಬಿದ್ರೆ ವೀಸಾನೇ ಹೋಗುತ್ತೆ.

ಈಗ ಇಲ್ಲಿ ಡಿಗ್ರಿ ಮುಗಿಸಿ ಕಳಿಸೋ ಪ್ರಶ್ನೆ. ನನ್ನ ಅಭಿಪ್ರಾಯ ಕೇಳಿದ್ರೆ, ಪೂರ್ತಿ ಏಡ್ ಸಿಗೋ ಕಾಲೇಜಲ್ಲಿ ಸೀಟು ಬಂದ್ರೆ ಮಾತ್ರ ಈಗ ಕಳಿಸಿ, ಇಲ್ಲಾಂದ್ರೆ ಇಲ್ಲೇ ಓದಿಸಿ. ಯಾಕಂದ್ರೆ ಅಮೇರಿಕಾದಲ್ಲಿ ದುಡ್ಡು ಹೆಚ್ಚು ಸಲೀಸಾಗಿ ಸಿಗೋದು ಪಿಎಚ್‌ಡಿಗೆ. ಸೈನ್ಸು ಎಂಜಿನಿಯರಿಂಗ್ ಪಿಎಚ್‌ಡಿಲಿ ಟ್ಯೂಷನ್ ಮಾಫಿ, ಹೆಲ್ತ್ ಇನ್ಶೂರೆನ್ಸ್, ಮೇಲಿಂದ ವರ್ಷಕ್ಕೆ 30ರಿಂದ 50 ಸಾವಿರ ಡಾಲರ್ ಸ್ಟೈಪೆಂಡ್, ಟಿಎ (ಪಾಠಕ್ಕೆ ಸಹಾಯ) ಅಥವಾ ಆರ್‌ಎ (ರಿಸರ್ಚಿಗೆ ಸಹಾಯ) ಕೆಲಸಕ್ಕೆ. ಎಂಎಸ್ ಆಗಿರ್ಬೇಕು ಅಂತಿಲ್ಲ, ನಾಲ್ಕು ವರ್ಷದ ಬಿಇ ಮುಗಿಸಿ ನೇರ ಪಿಎಚ್‌ಡಿಗೆ ಹಾಕ್ಬಹುದು. ಬಿಎಸ್ಸಿ ಆದ್ರೆ ಒಂದು ತೊಡಕು, ಕರ್ನಾಟಕದಲ್ಲಿ 2024ರಲ್ಲಿ ನಾಲ್ಕು ವರ್ಷದ ಡಿಗ್ರಿ ತೆಗೆದು ಮತ್ತೆ ಮೂರು ವರ್ಷಕ್ಕೆ ಬಂದ್ರು, ಮೂರು ವರ್ಷದ ಡಿಗ್ರಿನ ಅಲ್ಲಿ ಬಹಳ ಕಡೆ ಒಪ್ಪಲ್ಲ, ಮೇಲೆ ಎಂಎಸ್ಸಿ ಮಾಡ್ಬೇಕಾಗುತ್ತೆ. ಬೆಂಗಳೂರಿನ ಐಐಎಸ್ಸಿಲಿ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಇದೆ, ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಿವೆ, ಅಲ್ಲಿ ಪ್ರಯತ್ನ ಮಾಡ್ಲಿ, ಅಲ್ಲಿಂದ ಸೀದಾ ಪಿಎಚ್‌ಡಿಗೆ ಹೋಗೋ ಮಕ್ಕಳು ಎಷ್ಟೋ ಜನ. ಒಂದು ಎಚ್ಚರಿಕೆ, 2025ರಲ್ಲಿ ಅಲ್ಲಿನ ಸರ್ಕಾರ ಸಂಶೋಧನೆ ದುಡ್ಡು ಕಡಿತ ಮಾಡಿದಾಗ ಎಷ್ಟೋ ಕಡೆ ಪಿಎಚ್‌ಡಿ ಸೀಟು ಇಳಿಸಿದ್ರು, ಕೆಲವು ಕಡೆ ಕೊಟ್ಟ ಆಫರ್ ವಾಪಸ್ ತಗೊಂಡ್ರು. ಹಾಗಾಗಿ ಆಫರ್ ಲೆಟರಲ್ಲಿ ಎಷ್ಟು ವರ್ಷದ ಫಂಡಿಂಗ್ ಅಂತ ಬರೆದಿದಾರೆ ನೋಡ್ಲೇಬೇಕು.

ಎಂಎಸ್ ಬೇರೆ ಕಥೆ, ಅದಕ್ಕೆ ಸಾಮಾನ್ಯವಾಗಿ ನಾವೇ ದುಡ್ಡು ಹಾಕ್ಬೇಕು. ಆದ್ರೆ ಟೆಕ್ಸಸ್ಸಲ್ಲಿ ಒಂದು ಅನುಕೂಲ ಇದೆ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿ ಸ್ಪರ್ಧೆ ಮೇಲೆ ಕೊಡೋ ಕನಿಷ್ಠ 1000 ಡಾಲರ್ ಸ್ಕಾಲರ್‌ಶಿಪ್ ಸಿಕ್ಕಿದ್ರೆ, ರಾಜ್ಯದ ಕಾನೂನಿನ ಪ್ರಕಾರ ಹೊರಗಿನವ್ರ ಫೀಸ್ ಬದಲು ಟೆಕ್ಸಸ್ಸಿನವ್ರ ಫೀಸ್ ಹಾಕ್ಬಹುದು. ನೋಡೋಕೆ ಸಾವಿರ ಡಾಲರ್, ನಿಜವಾಗಿ ಉಳಿಯೋದು ಹತ್ತಾರು ಸಾವಿರ. ಎಲ್ಲರಿಗೂ ಸಿಗಲ್ಲ, ಎಷ್ಟು ಜನಕ್ಕೆ ಕೊಡ್ಬಹುದು ಅಂತ ಮಿತಿ ಇದೆ, ಆದ್ರೆ ಅರ್ಜಿ ಹಾಕುವಾಗ ಡಿಪಾರ್ಟ್‌ಮೆಂಟಿಗೆ ಮೇಲ್ ಮಾಡಿ ಕೇಳೋದಕ್ಕೆ ಏನೂ ಖರ್ಚಿಲ್ಲ.

ತೋಟ ಅಡ ಇಡೋ ವಿಚಾರ. ಮೊದಲ್ನೇದಾಗಿ ಎಜುಕೇಷನ್ ಲೋನಿಗೆ ಕೃಷಿ ಜಮೀನನ್ನ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪಲ್ಲ, ಸಾಲ ವಸೂಲಿಯ ಸರ್ಫೇಸಿ ಕಾಯ್ದೆಲಿ ಕೃಷಿ ಭೂಮಿನ ಜಪ್ತಿ ಮಾಡೋಕೆ ಬರಲ್ಲ ಅನ್ನೋದೇ ಕಾರಣ. ಮನೆ, ಕನ್ವರ್ಷನ್ ಆದ ಸೈಟು, ಎಫ್‌ಡಿ ಕೇಳ್ತಾರೆ. ಅದಿಲ್ಲ ಅಂದಾಗ ಕನ್ಸಲ್ಟೆನ್ಸಿಯವ್ರು "ಲೋನ್ ಮಾಡಿಸ್ತೀವಿ" ಅಂತ ಕರ್ಕೊಂಡು ಹೋಗೋದು ಸಾಮಾನ್ಯವಾಗಿ ಖಾಸಗಿ ಫೈನಾನ್ಸ್ ಕಂಪನಿಗೆ, ಅಡಮಾನ ಇಲ್ಲ, ಬಡ್ಡಿ ಜಾಸ್ತಿ, ನಿಮ್ಮ ಸಂಬಳದ ಮೇಲೆ ಸೈನ್. 50 ಲಕ್ಷಕ್ಕೆ 11% ಬಡ್ಡಿ, ಹತ್ತು ವರ್ಷ ಅಂದ್ರೆ ತಿಂಗಳಿಗೆ ಸುಮಾರು 69 ಸಾವಿರ ಕಂತು, ಓದೋ ವರ್ಷಗಳ ಬಡ್ಡಿ ಸೇರಿಸದೇ. ಅಲ್ಲೇ ಕೆಲಸ ಸಿಗುತ್ತೆ ತೀರಿಸ್ತಾಳೆ ಅಂತ ಹೇಳ್ತಾರೆ, ಎಚ್-1ಬಿ ಅನ್ನೋ ಕೆಲಸದ ವೀಸಾದ ಲಾಟರಿ ನಂಬ್ಕೊಂಡು ನಿಮ್ಮ ಪೆನ್ಷನ್ ವಯಸ್ಸಲ್ಲಿ ಸಾಲಕ್ಕೆ ಕೂರೋದು ನನಗಂತೂ ಸರಿ ಕಾಣಲ್ಲ. ತೋಟ ತೋಟವಾಗೇ ಇರ್ಲಿ.

ಇಲ್ಲಿಂದ ಸಿಗೋ ಸಹಾಯ ಹೆಚ್ಚಿನದು ಮಾಸ್ಟರ್ಸ್ ಮೇಲಿಂದ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ನಡೀತಿದೆ, ಹೆಸರಲ್ಲಿ ಸ್ಕಾಲರ್‌ಶಿಪ್ ಇದ್ರೂ ಅದು ವಾಪಸ್ ಕೊಡ್ಬೇಕಾದ ಸಾಲ. ನರೋತ್ತಮ್ ಸೇಖ್ಸಾರಿಯಾ, ಕೆ.ಸಿ. ಮಹೀಂದ್ರಾ ಇವ್ರದ್ದು ಬಡ್ಡಿ ಇಲ್ಲದ ಸಾಲ. ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್ಪಲ್ಲಿ ಎಲ್ಲಾ ಖರ್ಚು ಕೊಡ್ತಾರೆ, ಆದ್ರೆ ಮೂರು ವರ್ಷ ಕೆಲಸದ ಅನುಭವ ಬೇಕು, ಮುಗಿದ್ಮೇಲೆ ವಾಪಸ್ ಬರ್ಬೇಕು. ಪರಿಶಿಷ್ಟ ಜಾತಿ ಪಂಗಡದವರಾದ್ರೆ ರಾಜ್ಯದ ಪ್ರಬುದ್ಧ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಅದು ಡಿಗ್ರಿಗೂ ಸಿಗುತ್ತೆ, ನಿಮಗೆ ಅನ್ವಯ ಆಗೋದಾದ್ರೆ ಸಮಾಜ ಕಲ್ಯಾಣ ಇಲಾಖೆಲಿ ಮೊದ್ಲು ಅದನ್ನೇ ವಿಚಾರಿಸಿ.

ಕೊನೇದಾಗಿ ಆ 75 ಸಾವಿರ. ಕೊಡ್ಬೇಡಿ. ಯಾವ ಕನ್ಸಲ್ಟೆನ್ಸಿಗೂ ಸ್ಕಾಲರ್‌ಶಿಪ್ ಗ್ಯಾರಂಟಿ ಕೊಡೋ ಅಧಿಕಾರ ಇಲ್ಲ, ಎಷ್ಟೋ ಜನಕ್ಕೆ ಕಾಲೇಜಿಂದಾನೇ ಕಮಿಷನ್ ಬರುತ್ತೆ, ಅವ್ರ ಲಿಸ್ಟಲ್ಲಿ ಕಮಿಷನ್ ಕೊಡೋ ಕಾಲೇಜುಗಳೇ ಇರ್ತಾವೆ, ನಾನು ಮೇಲೆ ಹೇಳಿದ ಒಂದೂ ಇರಲ್ಲ ನೋಡಿ ಬೇಕಾದ್ರೆ. ಬೆಂಗಳೂರಲ್ಲಿ ಯಶ್ನಾ ಟ್ರಸ್ಟಲ್ಲಿ ಎಜುಕೇಷನ್‌ಯುಎಸ್ಎ ಸೆಂಟರ್ ಇದೆ, ಅದು ಅಮೇರಿಕಾ ವಿದೇಶಾಂಗ ಇಲಾಖೆಯ ಜಾಲದ್ದು, ಯಾವ ಕಾಲೇಜಿನ ಪರವಾಗೂ ಮಾತಾಡಲ್ಲ, ಒಂದ್ಸಲ ಹೋಗಿ ಬನ್ನಿ. ಆ 75 ಸಾವಿರದಲ್ಲೇ ಎಸ್ಎಟಿ ಫೀಸು, ಒಂದು ಇಂಗ್ಲಿಷ್ ಟೆಸ್ಟು, ಸಿಎಸ್ಎಸ್ ಫೀಸು ಕಳೆದು ಇನ್ನೂ ಉಳಿಯುತ್ತೆ. ಜೂನ್ ಮುಗಿಯೋ ಹೊತ್ತಿಗೆ ಮಗಳ ಎಕ್ಸೆಲ್ ಶೀಟಲ್ಲಿ ಹದಿನೈದು ಕಾಲೇಜು ಬಂದ್ರೆ, ಎಚ್6 ನಂಬರ್ ಸಮೇತ ಇಲ್ಲೇ ಮತ್ತೆ ಕಳಿಸಿ, ಯಾವುದನ್ನ ಇಟ್ಕೊಳ್ಳೋದು ಯಾವುದನ್ನ ಬಿಡೋದು ಹೇಳ್ತೀನಿ.